ಅಳಿಸುವ ಮೊದಲು

ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ಬೇಸಿಗೆ ರಜೆಯಲ್ಲಿ ನಾನು ನಮ್ಮೂರು ಬಾಳೆಹೊಸೂರಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ನಿಂತೆ. ಅಂಗಡಿಯವರನ್ನು ಊರೆಲ್ಲ ಕಾಕಾ ಅಂತ ಕರೆಯುತ್ತದೆ, ನಾನೂ ಹಾಗೇ ಕರೆಯುತ್ತೇನೆ. ಪಹಣಿ ತೆಗೆಯುವುದು, ವಿದ್ಯಾರ್ಥಿವೇತನದ ಅರ್ಜಿ ತುಂಬುವುದು, ಆಧಾರ್ ಪ್ರಿಂಟ್ ಹಾಕುವುದು, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಬೇಕಾದ ಕಾಗದಗಳನ್ನು ಸ್ಕ್ಯಾನ್ ಮಾಡುವುದು ನನ್ನ ಕೆಲಸ. ಇಷ್ಟಕ್ಕೆಲ್ಲ ಬಸ್ ಹತ್ತಿ ಲಕ್ಷ್ಮೇಶ್ವರಕ್ಕೆ ಹೋಗುವುದು ಯಾರಿಗೆ ಬೇಕು? ಹಾಗಾಗಿ ಮುಂಜಾನೆಯಿಂದ ಸಂಜೆಯವರೆಗೆ ಅಂಗಡಿ ಮುಂದೆ ಜನ ಇದ್ದೇ ಇರುತ್ತಿದ್ದರು.

ಆ ಕಂಪ್ಯೂಟರ್‌ನ ಡೌನ್‌ಲೋಡ್ಸ್ ಫೋಲ್ಡರ್ ತೆರೆದರೆ ಅರ್ಧ ಊರೇ ಅದರಲ್ಲಿತ್ತು. ಯಾರ ಹೊಲ ಎಷ್ಟು ಗುಂಟೆ, ಯಾರ ಪಾಸ್‌ಬುಕ್‌ನಲ್ಲಿ ಎಷ್ಟು ರೊಕ್ಕ, ಯಾರ ಮಗಳು ಎಷ್ಟು ಅಂಕಕ್ಕೆ ಫೇಲು, ಎಲ್ಲವೂ. ಕೆಲಸ ಮುಗಿದ ಮೇಲೆ ಪ್ರಿಂಟ್ ಒಯ್ಯುತ್ತಿದ್ದರು, ಕಡತ ಅಲ್ಲೇ ಉಳಿಯುತ್ತಿತ್ತು. ಅದನ್ನು ಅಳಿಸಬೇಕು ಅಂತ ಯಾರಿಗೂ ಅನಿಸಿರಲಿಲ್ಲ, ನನಗೂ ಅನಿಸಿರಲಿಲ್ಲ.

ಒಂದು ಮಧ್ಯಾಹ್ನ ಗಿರಾಕಿಯೊಬ್ಬ ತನ್ನ ಪಹಣಿ ಹುಡುಕುತ್ತಾ ತಾನೇ ಮೌಸ್ ಹಿಡಿದು ಒಂದೊಂದೇ ಕಡತ ತೆರೆಯತೊಡಗಿದ. ನಾನು ಜೆರಾಕ್ಸ್ ಮಷಿನ್ ಹತ್ತಿರ ಇದ್ದೆ. ಅವನ ಕೈಗೆ ಸಿಕ್ಕಿದ್ದು ನಮ್ಮ ಓಣಿಯ ಒಬ್ಬ ಅಕ್ಕನ ಆಸ್ಪತ್ರೆಯ ರಿಪೋರ್ಟು. ಅವನು ಅದನ್ನು ಜೋರಾಗಿ ಓದಿದ. ಹಿಂದೆ ನಿಂತಿದ್ದ ನಾಲ್ಕು ಜನ ಕೇಳಿಸಿಕೊಂಡರು. ನಾನು ಓಡಿಬಂದು ಮುಚ್ಚಿದೆ, ಆದರೆ ಓದಿದ ಮಾತನ್ನು ಮುಚ್ಚಲು ಆಗಲಿಲ್ಲ. ಆ ಅಕ್ಕ ನಮ್ಮ ಮನೆಗೆ ಬರುವವರು. ಮರುದಿನ ಎದುರಾದಾಗ ನಾನು ತಲೆ ತಗ್ಗಿಸಿ ನಡೆದೆ.

ನಮ್ಮ ನಾನಿ ಒಂದು ಮಾತು ಬಳಸುತ್ತಾರೆ, ಅಮಾನತ್. ಪೇಪರ್‌ನಲ್ಲಿ ಅಮಾನತು ಅಂದರೆ ನೌಕರರನ್ನು ಕೆಲಸದಿಂದ ದೂರ ಇಡುವುದು. ನಾನಿಯ ಬಾಯಲ್ಲಿ ಅದು ಬೇರೆ: ಇನ್ನೊಬ್ಬರು ನಂಬಿ ನಮ್ಮ ಹತ್ತಿರ ಇಟ್ಟ ವಸ್ತು. ಅವರಿಗೆ ಹಿಂದಿರುಗಿಸುವವರೆಗೆ ನಮ್ಮದಲ್ಲದ್ದು. ಆ ರಿಪೋರ್ಟು ಅಮಾನತ್ ಆಗಿತ್ತು, ನಾವು ಅದನ್ನು ಬಯಲಿನಲ್ಲಿ ಬಿಟ್ಟಿದ್ದೆವು.

ಹೀಗೆ ಹೇಳಿದ್ದು ನಾನಿ ಮಾತ್ರ ಅಲ್ಲ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಕೊಟ್ಟಿತ್ತು. ಇ-ಆಧಾರ್ ಇಳಿಸಿಕೊಳ್ಳಲು ಸೈಬರ್ ಕೆಫೆಯಂಥ ಸಾರ್ವಜನಿಕ ಕಂಪ್ಯೂಟರ್ ಬಳಸಬೇಡಿ, ಬಳಸಿದರೆ ಎಲ್ಲ ಪ್ರತಿಗಳನ್ನೂ ಅದರಿಂದ ಶಾಶ್ವತವಾಗಿ ಅಳಿಸಿ ಎಂಬ ಸೂಚನೆ ಅದರಲ್ಲಿತ್ತು. ಜನ ತಪ್ಪಾಗಿ ತಿಳಿಯಬಹುದು ಎಂಬ ಕಾರಣಕ್ಕೆ ಎರಡೇ ದಿನದಲ್ಲಿ ಆ ಪ್ರಕಟಣೆಯನ್ನು ಹಿಂಪಡೆದರು. ಆದರೆ ಅಳಿಸಿ ಎಂಬ ಮಾತು ನಮ್ಮಂಥ ಅಂಗಡಿಗೆ ಇವತ್ತಿಗೂ ಸರಿ. ಇ-ಆಧಾರ್‌ಗೆ ಪಾಸ್‌ವರ್ಡ್ ಇದೆಯಲ್ಲ ಅನ್ನಬಹುದು. ಅದು ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ಇಸವಿ. ಹಳ್ಳಿಯಲ್ಲಿ ಇವೆರಡೂ ಯಾರಿಗೆ ಗೊತ್ತಿಲ್ಲ? ಉದ್ದೇಶ ಮುಗಿದ ಮೇಲೆ ಮಾಹಿತಿ ಅಳಿಸಬೇಕು ಎಂಬ ನಿಯಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೂ ಇದೆ.

ದಿನಾ ನೂರು ಕಡತ ಕೈಯಿಂದ ಅಳಿಸುವುದು ಬೇಸರ. ಅದಕ್ಕೆ ಬ್ಯಾಚ್ ಕಡತ ಬರೆಯಲು ಕಲಿತೆ. ಗೊತ್ತಿಲ್ಲದ ಗೆಳೆಯರಿಗೆ ಹೇಳುತ್ತೇನೆ, ಇದು ದೊಡ್ಡ ವಿದ್ಯೆಯಲ್ಲ. ನೋಟ್‌ಪ್ಯಾಡ್‌ನಲ್ಲಿ ಆಜ್ಞೆಗಳನ್ನು ಸಾಲಾಗಿ ಬರೆದು, ಕಡತದ ಹೆಸರಿನ ಕೊನೆಗೆ ಡಾಟ್ ಬ್ಯಾಟ್ ಅಂತ ಸೇರಿಸಿ ಉಳಿಸಿದರೆ ಆಯಿತು. ಅದರ ಮೇಲೆ ಎರಡು ಸಲ ಒತ್ತಿದರೆ ವಿಂಡೋಸ್ ಆ ಸಾಲುಗಳನ್ನು ಒಂದಾದ ಮೇಲೊಂದು ನಡೆಸುತ್ತದೆ. ಕಡತ ಅಳಿಸುವ ಆಜ್ಞೆ ಡೆಲ್. ಫೋಲ್ಡರ್ ಅಳಿಸುವ ಆಜ್ಞೆ ಆರ್‌ಡಿ. ಆರ್‌ಡಿ ಮುಂದೆ ಸ್ಲ್ಯಾಶ್ ಎಸ್ ಹಾಕಿದರೆ ಒಳಗಿನ ಮರಿ ಫೋಲ್ಡರ್‌ಗಳೂ ಹೋಗುತ್ತವೆ. ಸ್ಟಾರ್ ಡಾಟ್ ಸ್ಟಾರ್ ಅಂದರೆ ಎಲ್ಲ ಕಡತ. ಸ್ಲ್ಯಾಶ್ ಕ್ಯೂ ಅಂದರೆ ನನ್ನನ್ನು ಕೇಳಬೇಡ, ಸುಮ್ಮನೆ ಮಾಡು. ಹೀಗೆ ಅಳಿಸಿದ್ದು ರಿಸೈಕಲ್ ಬಿನ್‌ಗೆ ಹೋಗುವುದಿಲ್ಲ. ಬಾಗಿಲಲ್ಲಿ ನಿಲ್ಲದೆ ನೇರ ಹೊರಗೆ.

ಡೌನ್‌ಲೋಡ್ಸ್‌ಗೆ ಬರೆದ ಮೊದಲ ಬ್ಯಾಚ್ ಕಡತ ಒಂದು ವಾರ ಚೆನ್ನಾಗಿ ನಡೆಯಿತು. ಸಂಜೆ ಅಂಗಡಿ ಮುಚ್ಚುವಾಗ ಒಂದು ಒತ್ತು, ಫೋಲ್ಡರ್ ಖಾಲಿ. ನನಗೆ ಸ್ವಲ್ಪ ಸೊಕ್ಕು ಬಂತು.

ಸ್ಕ್ಯಾನ್ ಮಾಡಿದ ಕಾಗದಗಳು ಬೇರೆ ಕಡೆ ಇದ್ದವು. ಕಾಕಾ ಹಿಂದಿನ ವರ್ಷ ಕಂಪ್ಯೂಟರ್‌ಗೆ ಹೊಸ ಎಸ್‌ಎಸ್‌ಡಿ ಹಾಕಿಸಿದ್ದರು, ಅದು ಸಿ ಡ್ರೈವ್. ಹಳೆಯ ಹಾರ್ಡ್ ಡಿಸ್ಕ್ ಡಿ ಡ್ರೈವ್ ಆಗಿ ಉಳಿದಿತ್ತು, ಸ್ಕ್ಯಾನ್ ಫೋಲ್ಡರ್ ಅದರಲ್ಲಿತ್ತು. ಅದಕ್ಕೆ ಎರಡನೇ ಬ್ಯಾಚ್ ಕಡತ ಬರೆದು ಡೆಸ್ಕ್‌ಟಾಪ್ ಮೇಲೆ ಇಟ್ಟೆ. ಎರಡೇ ಸಾಲು. ಮೊದಲ ಸಾಲಿನಲ್ಲಿ ಸಿಡಿ ಆಜ್ಞೆ, ಡಿ ಡ್ರೈವ್‌ನ ಸ್ಕ್ಯಾನ್ ಫೋಲ್ಡರ್‌ಗೆ ಹೋಗು ಎಂದು. ಎರಡನೇ ಸಾಲಿನಲ್ಲಿ ಡೆಲ್ ಸ್ಲ್ಯಾಶ್ ಕ್ಯೂ ಸ್ಟಾರ್ ಡಾಟ್ ಸ್ಟಾರ್. ಒತ್ತಿದೆ.

ಬ್ಯಾಚ್ ಕಡತ ಸಿಗುತ್ತಿಲ್ಲ ಎಂಬ ಸಂದೇಶ ಒಂದು ಕ್ಷಣ ಬಂದು ಕಪ್ಪು ಕಿಟಕಿ ಮುಚ್ಚಿತು. ನೋಡಿದರೆ ಡೆಸ್ಕ್‌ಟಾಪ್ ಬಯಲಾಗಿತ್ತು. ನನ್ನ ಬ್ಯಾಚ್ ಕಡತ ತನ್ನನ್ನೂ ಅಳಿಸಿಕೊಂಡಿತ್ತು. ಅದರ ಜೊತೆಗೆ ಕಾಕಾನ ಉದ್ರಿ ಲೆಕ್ಕದ ಕಡತವೂ ಹೋಗಿತ್ತು. ಎರಡು ವರ್ಷದಲ್ಲಿ ಯಾರು ಎಷ್ಟು ಬಾಕಿ ಎಂಬ ಪಟ್ಟಿ, ಅದೊಂದೇ ಪ್ರತಿ.

ತಪ್ಪು ಎಲ್ಲಿ ಎಂದು ಆಮೇಲೆ ತಿಳಿಯಿತು. ಸಿಡಿ ಆಜ್ಞೆ ಒಂದೇ ಡ್ರೈವ್ ಒಳಗೆ ಓಡಾಡುತ್ತದೆ. ಸಿಯಿಂದ ಡಿಗೆ ದಾಟಬೇಕಾದರೆ ಅದರ ಜೊತೆ ಸ್ಲ್ಯಾಶ್ ಡಿ ಬೇಕು. ಅದಿಲ್ಲದಿದ್ದರೆ ತಪ್ಪು ಅಂತಲೂ ಹೇಳುವುದಿಲ್ಲ, ಇದ್ದಲ್ಲೇ ಇರುತ್ತದೆ. ನಾನು ಡಿ ಡ್ರೈವ್‌ನಲ್ಲಿ ಇದ್ದೇನೆ ಅಂದುಕೊಂಡಿದ್ದೆ, ನಿಂತಿದ್ದು ಡೆಸ್ಕ್‌ಟಾಪ್ ಮೇಲೆ. ಕೇಳಬೇಡ ಅಂತ ಮೊದಲೇ ಹೇಳಿದ್ದೆನಲ್ಲ, ಕಂಪ್ಯೂಟರ್ ಕೇಳಲಿಲ್ಲ.

ಕಾಕಾಗೆ ಹೇಳಲು ಹತ್ತು ನಿಮಿಷ ಧೈರ್ಯ ಬರಲಿಲ್ಲ. ಹೇಳಿದಾಗ ಅವರು ಬೈಯಲಿಲ್ಲ. "ಕಸದ ಬುಟ್ಟ್ಯಾಗ ನೋಡಿದೇನು?" ಅಂದರು. ಅಲ್ಲಿಗೆ ಹೋಗೋದಿಲ್ಲ ಕಾಕಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರ ನೀ ಎಲ್ಲಿ ನಿಂತೀದಿ ಅಂತ ನೋಡ್ಕೊಳ್ಳದ ಕೊಡ್ಲಿ ಬೀಸಿದಿ" ಅಂದರು. ಇಷ್ಟು ಚೆನ್ನಾಗಿ ಸಿಡಿ ಆಜ್ಞೆಯನ್ನು ನನಗೆ ಯಾರೂ ಕಲಿಸಿರಲಿಲ್ಲ.

ಮರಳಿ ತರಲು ಪ್ರಯತ್ನ ಮಾಡಿದೆ. ಹಳೆಯ ಡಾಸ್ ಕಾಲದಲ್ಲಿ ಕಡತ ಅಳಿಸಿದರೆ ಅದರ ಹೆಸರಿನ ಮೊದಲ ಅಕ್ಷರದ ಜಾಗಕ್ಕೆ ಒಂದು ಗುರುತು ಬೀಳುತ್ತಿತ್ತು, ಅಷ್ಟೇ. ಒಳಗಿನ ವಿಷಯ ಅಲ್ಲೇ ಇರುತ್ತಿತ್ತು. 1991ರಲ್ಲಿ ಬಂದ ಎಂಎಸ್-ಡಾಸ್ 5ರಲ್ಲಿ ಅಳಿಸಿದ್ದನ್ನು ಮರಳಿ ತರುವ ಆಜ್ಞೆಯೇ ಇತ್ತು. ಇಂದಿನ ಹಾರ್ಡ್ ಡಿಸ್ಕ್‌ನಲ್ಲೂ ಹೆಚ್ಚುಕಡಿಮೆ ಹಾಗೇ: ಜಾಗ ಖಾಲಿ ಎಂದು ಬರೆದುಕೊಳ್ಳುತ್ತದೆ, ಬೇರೆ ಕಡತ ಬಂದು ಮೇಲೆ ಕೂರುವವರೆಗೆ ಹಳೆಯದು ಇರುತ್ತದೆ. ಎಸ್‌ಎಸ್‌ಡಿ ಹಾಗಲ್ಲ. ಅಳಿಸಿದ ಜಾಗ ಯಾವುದು ಎಂದು ವಿಂಡೋಸ್ ಅದಕ್ಕೆ ತಿಳಿಸುತ್ತದೆ, ಅದು ಆ ಜಾಗವನ್ನು ಒಳಗೇ ಸ್ವಚ್ಛ ಮಾಡಿಕೊಳ್ಳುತ್ತದೆ. ಇದಕ್ಕೆ ಟ್ರಿಮ್ ಅನ್ನುತ್ತಾರೆ.

ಮರಳಿ ಪಡೆಯುವ ತಂತ್ರಾಂಶ ಹಾಕಿ ನೋಡಿದಾಗ ಸಿ ಡ್ರೈವ್‌ನಲ್ಲಿದ್ದ ಉದ್ರಿ ಲೆಕ್ಕ ಸಿಗಲೇ ಇಲ್ಲ. ಡಿ ಡ್ರೈವ್ ಮೇಲೂ ಓಡಿಸಿದೆ. ಹಿಂದೆಂದೋ ಅಳಿಸಿದ್ದ ಹಳೆಯ ಆಧಾರ್, ಪಾಸ್‌ಬುಕ್, ರೇಷನ್ ಕಾರ್ಡುಗಳು ಸಾಲಾಗಿ ಎದ್ದು ಬಂದವು. ಉಳಿಯಬೇಕಾದ್ದು ಹೋಗಿತ್ತು, ಹೋಗಬೇಕಾದ್ದು ಉಳಿದಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಕಾಕಾ ಇನ್ನೂರು ಪುಟದ ನೋಟ್‌ಬುಕ್ ತಂದು ನನ್ನ ಮುಂದೆ ಇಟ್ಟರು. ಬಂದವರಿಗೆಲ್ಲ ಇದ್ದದ್ದನ್ನು ಇದ್ದಂತೆ ಹೇಳಿದರು: "ಲೆಕ್ಕ ಅಳಿಸಿ ಹೋಗೇತಿ. ನಿಮ್ದು ಎಷ್ಟು ಇತ್ತು ನೀವ ಹೇಳ್ರಿ, ಈ ಹುಡುಗ ಬರ್ಕೊತಾನ." ನಾನು ನಾಚಿಕೆಯಿಂದ ಬರೆದುಕೊಂಡೆ. ಕೆಲವರು ನಲವತ್ತು ಅಂದರು, ಕೆಲವರು ಅಲ್ಲೇ ಕೊಟ್ಟು ಹೋದರು. ಒಬ್ಬರು ನೂರಾ ಮೂವತ್ತರ ಗಿರಾಕಿ, ನಾನೇ ಹಿಂದಿನ ವಾರ ಟೈಪ್ ಮಾಡಿದ್ದೆ. ಅವರು "ಮೂವತ್ತು" ಅಂದರು. ನಾನು ಕಾಕಾನ ಮುಖ ನೋಡಿದೆ. "ಮೂವತ್ತು ಬರಿ" ಅಂದರು. ಅವರು ಹೋದ ಮೇಲೆ ಯಾಕೆ ಅಂತ ಕೇಳಿದೆ. "ಕಳ್ಕೊಂಡಾವ್ರು ನಾವು. ಅವ ಹೇಳಿದ್ದ ಲೆಕ್ಕ" ಅಂದರು. ಆ ನೂರು ರೂಪಾಯಿ ನನ್ನ ಪಗಾರದಲ್ಲಿ ಮುರಿಯಿರಿ ಅಂದೆ, ಮುರಿಯಲಿಲ್ಲ. ಇನ್ನೂ ಕೆಲವರು ಬರಲೇ ಇಲ್ಲ. ಅವರು ಯಾರು ಎಂಬುದು ಆ ಕಡತಕ್ಕೆ ಮಾತ್ರ ಗೊತ್ತಿತ್ತು.

ಹೀಗಾದರೂ ಅಳಿಸುವ ಕೆಲಸವನ್ನು ಕಾಕಾ ನಿಲ್ಲಿಸಲಿಲ್ಲ, ಸರಿಯಾಗಿ ಮಾಡು ಅಂದರು. ಈಗ ನನ್ನ ಬ್ಯಾಚ್ ಕಡತಕ್ಕೆ ತನ್ನದೇ ಫೋಲ್ಡರ್ ಇದೆ, ಡೆಸ್ಕ್‌ಟಾಪ್ ಮೇಲೆ ಇಡುವುದಿಲ್ಲ. ಅದರಲ್ಲಿ ಸಿಡಿ ಇಲ್ಲವೇ ಇಲ್ಲ, ಅಳಿಸಬೇಕಾದ ಜಾಗದ ಪೂರ್ತಿ ವಿಳಾಸವನ್ನು ಉದ್ಧರಣ ಚಿಹ್ನೆಯೊಳಗೆ ಬರೆದಿದ್ದೇನೆ. ಈ ಚಿಹ್ನೆ ಮರೆಯಬೇಡಿ. ಹಳೆ ಕಾಗದ ಎಂಬ ಎರಡು ಪದದ ಫೋಲ್ಡರ್ ಅಳಿಸಲು ಹೋಗಿ ಚಿಹ್ನೆ ಬಿಟ್ಟರೆ, ಆರ್‌ಡಿ ಅದನ್ನು ಹಳೆ ಒಂದು, ಕಾಗದ ಒಂದು ಎಂದು ಎರಡು ಫೋಲ್ಡರ್ ಆಗಿ ಓದುತ್ತದೆ. ಡೆಲ್‌ಗೆ ಮೊದಲು ಡಿರ್ ಆಜ್ಞೆ ಪಟ್ಟಿ ತೋರಿಸುತ್ತದೆ, ಪಾಸ್ ಎಂಬ ಆಜ್ಞೆ ಒಂದು ಕೀಲಿ ಒತ್ತುವವರೆಗೆ ಕಾಯುತ್ತದೆ, ನಾನು ಓದುತ್ತೇನೆ. ಮತ್ತೆ ಬೇಕಾಗಬಹುದಾದ ಅರ್ಜಿಗಳಿಗೆ ಫಾರ್‌ಫೈಲ್ಸ್ ಬಳಸಿ ಏಳು ದಿನ ದಾಟಿದವನ್ನು ಮಾತ್ರ ತೆಗೆಯುತ್ತೇನೆ. ಹಳೆಯ ಹಾರ್ಡ್ ಡಿಸ್ಕ್‌ನ ಖಾಲಿ ಜಾಗದ ಮೇಲೆ ತಿಂಗಳಿಗೊಮ್ಮೆ ಸೈಫರ್ ಸ್ಲ್ಯಾಶ್ ಡಬ್ಲ್ಯೂ ಓಡಿಸುತ್ತೇನೆ. ಅದು ಆ ಜಾಗದಲ್ಲಿ ಬೇರೆ ಏನನ್ನೋ ಬರೆದು, ಅಳಿಸಿದ್ದು ಮತ್ತೆ ಏಳದಂತೆ ಮಾಡುತ್ತದೆ. ಉದ್ರಿ ಲೆಕ್ಕ ನೋಟ್‌ಬುಕ್‌ನಲ್ಲೂ ಇದೆ, ಪೆನ್‌ಡ್ರೈವ್‌ನಲ್ಲೂ ಇದೆ.

ಗೋಡೆಗೆ ಒಂದು ಚೀಟಿ ಅಂಟಿಸಿದ್ದೇವೆ: "ನಿಮ್ಮ ಕಾಗದಗಳನ್ನು ಕೆಲಸ ಮುಗಿದ ಮೇಲೆ ಅಳಿಸುತ್ತೇವೆ." ಎಲ್ಲರೂ ಮೆಚ್ಚುತ್ತಾರೆ ಅಂದುಕೊಂಡಿದ್ದೆ. ಒಬ್ಬ ಅಜ್ಜಿ ಅದನ್ನು ಓದಿಸಿಕೊಂಡು ಗಾಬರಿಯಾದರು. "ನಂದು ಅಳಸಬ್ಯಾಡೋ ತಮ್ಮಾ. ಮಳಿ ಬಂದ್ರ ಮನಿ ಸೋರತೈತಿ, ಕಾಗದ ಎಲ್ಲಿ ಇಡ್ಲಿ? ಇಲ್ಲೇ ಇರ್ಲಿ" ಅಂದರು. ನಾನು ಇದನ್ನು ಯೋಚಿಸಿರಲಿಲ್ಲ. ಎಲ್ಲವನ್ನೂ ಇಟ್ಟುಕೊಳ್ಳುವುದು ಹೇಗೆ ತಪ್ಪೋ, ಕೇಳದೆ ಎಲ್ಲವನ್ನೂ ಅಳಿಸುವುದೂ ಹಾಗೇ. ಇಡುವುದೋ ಅಳಿಸುವುದೋ ಹೇಳಬೇಕಾದವರು ಕಾಗದದ ಒಡೆಯರು.

ಅಜ್ಜಿಗಾಗಿ ಪಾಸ್‌ವರ್ಡ್ ಇರುವ ಒಂದು ಪೆನ್‌ಡ್ರೈವ್ ಮಾಡಿ ಕಾಕಾನ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ. ಚೀಟಿಯ ಕೆಳಗೆ ಇನ್ನೊಂದು ಸಾಲು ಬರೆದೆ: "ಇಡಬೇಕಿದ್ದರೆ ಹೇಳಿ." ಈಗ ಕಾಲೇಜು ಶುರುವಾಗಿದೆ, ಭಾನುವಾರ ಮಾತ್ರ ಅಂಗಡಿಗೆ ಹೋಗುತ್ತೇನೆ. ಸಂಜೆ ಆ ಕಪ್ಪು ಕಿಟಕಿ ತೆರೆದು, ಪಟ್ಟಿ ಬಂದು, ಅದು ನನಗಾಗಿ ಕಾಯುವಾಗ ಕಾಕಾ ದೂರದಿಂದಲೇ ಕೂಗುತ್ತಾರೆ: "ಎಲ್ಲಿ ನಿಂತೀಯೋ?" ನಾನು ಪರದೆಯ ಮೇಲಿನ ವಿಳಾಸವನ್ನು ಜೋರಾಗಿ ಓದಿ ಹೇಳುತ್ತೇನೆ. ಆಮೇಲೆ ಕೀಲಿ ಒತ್ತುತ್ತೇನೆ.