ಮಗನ ಬಲ್ಬು, ಅಳಿಯನ ಬಲ್ಬು

ನಾನು ಸಾರಿಗೆ ನಿಗಮದ ನಿವೃತ್ತ ಕಂಡಕ್ಟರ್. ಕೊಪ್ಪಳ ತಾಲ್ಲೂಕಿನ ಇರಕಲ್ಲಗಡದಲ್ಲಿ ಮನೆ, ಊರ ಹೊರಗೆ ಮೂರೆಕರೆ ಮಸಾರಿ ಹೊಲ, ಅದರಲ್ಲೊಂದು ಬೋರು.

ಮನೆಯಾಕೆಗೆ ಕಣ್ಣಿನ ಪೊರೆ ಆಪರೇಷನ್ ಆದಾಗ, ಕತ್ತಲಲ್ಲಿ ಸ್ವಿಚ್ಚು ತಡಕಾಡಬಾರದು ಅಂತ ಬೆಂಗಳೂರಿನ ಮಗ ನಾಲ್ಕು ಸ್ಮಾರ್ಟ್ ಬಲ್ಬು ಮತ್ತು ಹೇಳಿದ ಮಾತು ಕೇಳುವ ಒಂದು ಡಬ್ಬಿ ತಂದ. ಹದಿನೈದು ದಿನ ಕಳೆದಿರಲಿಲ್ಲ, ಹೈದರಾಬಾದಿನಿಂದ ಅಳಿಯಂದಿರು ಬಂದರು. ಅವರು ತಂದದ್ದು ಬೇರೆ ಕಂಪನಿಯ ಮೂರು ಬಲ್ಬು, ಬಾಗಿಲಿಗೊಂದು ಕ್ಯಾಮೆರಾ, ಬಲ್ಬುಗಳನ್ನು ಆಳುವುದಕ್ಕೊಂದು ಬಿಳಿ ಪೆಟ್ಟಿಗೆ. ಅಳಿಯಂದಿರು ತಂದದ್ದನ್ನು ಬೇಡ ಅನ್ನುವುದುಂಟೇ?

ಮಗನ ಬಲ್ಬು ನೇರವಾಗಿ ವೈಫೈ ಹಿಡಿಯುತ್ತವೆ. ಅಳಿಯನವು ಜಿಗ್ಬಿ ಎಂಬ ಬೇರೆ ರೇಡಿಯೋ ಪದ್ಧತಿಯವು, ಅವಕ್ಕೆ ಆ ಬಿಳಿ ಪೆಟ್ಟಿಗೆಯೇ ಗತಿ. ಮಗನ ಡಬ್ಬಿಗೆ ಆ ಪೆಟ್ಟಿಗೆಯ ಗುರುತೇ ಸಿಗಲಿಲ್ಲ. ಹೀಗಾಗಿ ಬಾಯಲ್ಲಿ ಹೇಳಿದರೆ ಪಡಸಾಲೆ ಬೆಳಗುತ್ತಿತ್ತು. ಅಡುಗೆಮನೆಗೆ ಫೋನ್ ತೆಗೆದು ಇನ್ನೊಂದು ಆ್ಯಪ್ ಒತ್ತಬೇಕಿತ್ತು. ಆ ಡಬ್ಬಿಗೆ ಕನ್ನಡವೂ ಬರುತ್ತಿರಲಿಲ್ಲ. ಮನೆಯಾಕೆ "ದೀಪಾ ಹಚ್ಚು" ಅಂದರೆ ಯಾವುದೋ ಹಾಡು ಹಚ್ಚುತ್ತಿತ್ತು. ಕಡೆಗೆ "ಬತ್ತಿ ಜಲಾವೋ" ಅಂತ ಬಾಯಿಪಾಠ ಮಾಡಿಸಿದೆ. ನಮ್ಮಪ್ಪ ನಿಜಾಮರ ಕಾಲದಲ್ಲಿ ಉರ್ದು ಕಲಿತವನು, ಅವನಿದ್ದಿದ್ದರೆ ಡಬ್ಬಿಗೂ ಅವನಿಗೂ ಚಲೋ ಹೊಂದುತ್ತಿತ್ತು.

ಒಂದು ದಿನ ಇಂಟರ್ನೆಟ್ಟಿನ ಹುಡುಗ ಹಳೇ ರೂಟರ್ ಕಿತ್ತು ಹೊಸದು ಕೂರಿಸಿ ಹೋದ. ಮಗನ ನಾಲ್ಕೂ ಬಲ್ಬು ಮೂಕವಾದವು. ಮತ್ತೆ ಜೋಡಿಸೋಣವೆಂದರೆ, ಅವು ಹಿಡಿಯುವುದು 2.4 ಗಿಗಾಹರ್ಟ್ಸ್ ಮಾತ್ರ, ನನ್ನ ಫೋನು ಹೊಸ ರೂಟರಿನ 5 ಗಿಗಾಹರ್ಟ್ಸ್ ಹಿಡಿದು ಕೂತಿತ್ತು, ಎರಡೂ ಭೇಟಿಯಾಗಲೊಲ್ಲವು. ಇದು ಗೊತ್ತಾಗುವುದಕ್ಕೆ ಆರು ದಿನ ಬೇಕಾಯಿತು. ಆ ಆರು ದಿನ ನಾನು ಸ್ಟೂಲಿನ ಮೇಲೆ, ಮಗ ಫೋನಿನಲ್ಲಿ. "ಯಪ್ಪಾ, ಐದು ಸಲ ಆನ್ ಆಫ್ ಮಾಡು, ಮಿಣಕ್ ಮಿಣಕ್ ಅಂತೈತೇನು ನೋಡು." ಅರವತ್ತೆರಡು ವಯಸ್ಸಿನ ಕುತ್ತಿಗೆ ಅದು.

ಕರೆಂಟು ಹೋಗಿ ಬಂದರೆ ಇನ್ನೊಂದು ಫಜೀತಿ. ಅಪರಾತ್ರಿ ಎರಡೂವರೆಗೆ ಕರೆಂಟು ಬಂದದ್ದೇ ತಡ, ಏಳೂ ಬಲ್ಬು ಜಾತ್ರೆಯಂತೆ ಉರಿದವು. ಕರೆಂಟು ಬಂದೊಡನೆ ತಾವೇ ಉರಿಯುವಂತೆ ನಮ್ಮವನ್ನು ಹೊಂದಿಸಲಾಗಿತ್ತಂತೆ. ಕಣ್ಣಿಗೆ ಔಷಧ ಹಾಕಿಕೊಂಡು ಮಲಗಿದ್ದಾಕೆ ಎದ್ದು ಗೋಡೆಯ ಸ್ವಿಚ್ಚುಗಳನ್ನೆಲ್ಲ ಆರಿಸತೊಡಗಿದಳು. ಗೋಡೆಯಲ್ಲಿ ಆರಿಸಿದ ಮೇಲೆ ಬಲ್ಬಿಗೆ ಜೀವ ಎಲ್ಲಿಂದ ಬರಬೇಕು? ಒಂದು ರಾತ್ರಿ ನೀರು ಕುಡಿಯಲು ಎದ್ದವಳು "ಬತ್ತಿ ಜಲಾವೋ" ಅಂತ ಎರಡು ಸಲ ಕೂಗಿ, ಬೆಳಕು ಬಂದೀತೆಂದು ಹೆಜ್ಜೆ ಇಟ್ಟಳು. ಅಡುಗೆಮನೆ ಹೊಸ್ತಿಲು ಎಡವಿ ಬಿದ್ದಳು. ಮೊಣಕಾಲು ಕುಂಬಳಕಾಯಿ ಆಯಿತು, ಮೂರು ವಾರ ನೆಲಕ್ಕೆ ಕೂಡಲಿಲ್ಲ.

ಅದೇ ದಿನಗಳಲ್ಲಿ ಹೊಲದ್ದೂ ಶುರುವಾಯಿತು. ನಮ್ಮಲ್ಲಿ ತ್ರೀ ಫೇಸ್ ಪಾಳಿಯ ಮೇಲೆ ಬರುತ್ತದೆ, ಒಮ್ಮೊಮ್ಮೆ ರಾತ್ರಿ ಪಾಳಿ. ಅದಕ್ಕೇ ಸಿಮ್ ಹಾಕುವ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದೆ. ಒಂದು ರಿಂಗ್ ಕೊಟ್ಟರೆ ಮೋಟರು ಎದ್ದೇಳುತ್ತಿತ್ತು. ಖರ್ಚು ಉಳಿಯಲಿ ಅಂತ ಮನೆಯ ಎಲ್ಲ ಸಿಮ್ ಒಂದೇ ಕಂಪನಿಗೆ ಬದಲಿಸಿದೆವು, ಸ್ಟಾರ್ಟರಿನದೂ ಸೇರಿ. ಆಮೇಲೆ ರಿಂಗೇ ಹೋಗವಲ್ಲದು. ನಾಲ್ಕು ರಾತ್ರಿ ಬ್ಯಾಟರಿ ಹಿಡಿದು ನಡೆದುಹೋಗಿ ಕೈಯಿಂದ ಮೋಟರು ಎಬ್ಬಿಸಿದೆ. ಐದನೇ ರಾತ್ರಿ ನಿದ್ದೆ ಹತ್ತಿಬಿಟ್ಟಿತು, ಮೆಣಸಿನ ಗಿಡ ಬಾಡಿದವು. ಕೊಪ್ಪಳದ ಮೆಕ್ಯಾನಿಕ್ ಹುಡುಗ ಬಿಚ್ಚಿ ನೋಡಿ ನಕ್ಕ: "ಸಿಮ್ಮಿಂದೂ ತಪ್ಪಿಲ್ರಿ ಕಾಕಾ, ಸ್ಟಾರ್ಟರ್ದೂ ತಪ್ಪಿಲ್ಲ. ಇದು ಟೂಜಿ, ಅದು ಬರೇ ಫೋರ್‌ಜಿ. ಎರಡಕ್ಕೂ ಬೀಗತನ ಆಗಂಗಿಲ್ಲ."

ದೀಪಾವಳಿಗೆ ಬಂದ ಅಳಿಯಂದಿರ ಮುಂದೆ ಎಲ್ಲ ಹೇಳಿಕೊಂಡೆ. ಇದಕ್ಕೆ ಪರಿಹಾರ ಆಗಲೇ ಬಂದಿದೆ ಅಂದರು. ಅಮೆಜಾನ್, ಆಪಲ್, ಗೂಗಲ್, ಸ್ಯಾಮ್‌ಸಂಗ್ ಎಲ್ಲ ಸೇರಿ ಒಪ್ಪಿಕೊಂಡ ಮ್ಯಾಟರ್ ಎಂಬ ಒಂದೇ ಭಾಷೆ 2022ರ ಅಕ್ಟೋಬರಿನಲ್ಲಿ ಹೊರಬಂದಿದೆಯಂತೆ. "ಹಂಗಾರ ನಮ್ಮ ಬಲ್ಬು?" ಅಂದೆ. "ಅವು ಹಳೇವು ಮಾವಾರ, ಹೊಸಾವು ತಗೋಬೇಕು." ಕ್ಯಾಮೆರಾಗಳನ್ನಂತೂ ಆ ಒಪ್ಪಂದದ ಮೊದಲ ಆವೃತ್ತಿಯಲ್ಲಿ ಸೇರಿಸಿಕೊಂಡಿರಲೇ ಇಲ್ಲ.

ಇದನ್ನು ಕೇಳಿ ನನಗೆ ನಮ್ಮ ಬಸ್ಸುಗಳ ನೆನಪಾಯಿತು. ನಮ್ಮ ರಾಜ್ಯದಲ್ಲಿ ಸಾರಿಗೆ ನಿಗಮ ನಾಲ್ಕು. 2023ರ ಜೂನ್ 11ಕ್ಕೆ ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಶುರುವಾದ ಮೇಲೆ ಮನೆಯಾಕೆ ಒಂದೇ ಆಧಾರ್ ಕಾರ್ಡು ಹಿಡಿದು ಕೊಪ್ಪಳದಿಂದ ಧರ್ಮಸ್ಥಳಕ್ಕೆ ಹೋಗಿ ಬಂದಳು. ದಾರಿಯಲ್ಲಿ ನಿಗಮ ಬದಲಾಯಿತು, ಬಸ್ಸು ಬದಲಾಯಿತು, ಕಾರ್ಡು ಬದಲಾಗಲಿಲ್ಲ. ಬಸ್ಸಿನವರಿಗೆ ಸಾಧ್ಯವಾದದ್ದು ಬಲ್ಬಿನವರಿಗೆ ಯಾಕೆ ಇಷ್ಟು ತಡ?

ಸ್ಟಾರ್ಟರಿಗೆ ಹಳೇ ಕಂಪನಿಯ ಸಿಮ್ಮನ್ನೇ ಮತ್ತೆ ತಂದು ಹಾಕಿದೆ. ಊರಿನ ವೈರ್‌ಮನ್ ಅರ್ಧ ದಿನದಲ್ಲಿ ಹಾಸಿಗೆಯ ಪಕ್ಕ ಒಂದು, ಅಡುಗೆಮನೆ ಬಾಗಿಲಲ್ಲಿ ಒಂದು ಟೂ-ವೇ ಸ್ವಿಚ್ಚು ಕೂರಿಸಿ, ಸಾದಾ ಎಲ್ಇಡಿ ಬಲ್ಬು ಹಾಕಿಕೊಟ್ಟ. ಮಗನ ಡಬ್ಬಿ ಅಟ್ಟದ ಮೇಲಿದೆ. ಕ್ಯಾಮೆರಾ ಮಾತ್ರ ಬಾಗಿಲ ಮೇಲೆ ಹಾಗೇ ಇದೆ, ಅದರ ಖಾತೆ ಅಳಿಯಂದಿರ ಹೆಸರಲ್ಲಿ. ಬೆಳಿಗ್ಗೆ ನಮ್ಮ ಮನೆಗೆ ಹಾಲಿನವ ಬಂದರೆ ಹೈದರಾಬಾದಿನಿಂದ ನನಗೆ ಫೋನ್ ಬರುತ್ತದೆ.