ಪಂಜರದ ಋಣ

ಸಂಸ್ಕೃತ ಕವಿಗಳು ಗಿಳಿಗೆ ತೋರಿಸಿರುವಷ್ಟು ಸಲಿಗೆಯನ್ನು ಮತ್ತಾವ ಹಕ್ಕಿಗೂ ತೋರಿಸಿದಂತೆ ಕಾಣುವುದಿಲ್ಲ. ಹಂಸವು ಮಾನಸ ಸರೋವರದಲ್ಲಿದೆ. ಚಾತಕವು ಮೋಡದ ಕಡೆ ಮುಖವೆತ್ತಿಕೊಂಡಿದೆ. ಕೋಗಿಲೆಯು ವಸಂತ ಕಳೆದ ಮೇಲೆ ಯಾರ ನೆನಪಿಗೂ ಬರುವುದಿಲ್ಲ. ಗಿಳಿಗಾದರೋ ಮನೆಯೊಳಗೇ ಸ್ಥಾನ. ಮಂಡನಮಿಶ್ರರ ಮನೆಯ ಬಾಗಿಲಲ್ಲಿ ಪಂಜರದ ಹೆಣ್ಣುಗಿಳಿಗಳು ಪ್ರಾಮಾಣ್ಯವು ಸ್ವತಸ್ಸಿದ್ಧವೋ ಪರತಸ್ಸಿದ್ಧವೋ ಎಂದು ವಾದಿಸುತ್ತಿದ್ದುವೆಂದು ಮಾಧವೀಯ ಶಂಕರವಿಜಯವು ವರ್ಣಿಸುತ್ತದೆ. ಯಜಮಾನನು ಪರದೇಶಕ್ಕೆ ಹೋಗಿದ್ದಾಗ ಮನೆಯೊಡತಿಯ ಕಾಲು ಹೊಸ್ತಿಲು ದಾಟದಂತೆ ಇರುಳಿಗೊಂದು ಕಥೆ ಹೇಳಿ ತಡೆದ ಜಾಣಗಿಳಿಯ ಹೆಸರಿನಿಂದಲೇ ಶುಕಸಪ್ತತಿಯೆಂಬ ಗ್ರಂಥವಾಯಿತು. ಕನ್ನಡಿಗರು ಕಲ್ಪಿತ ಕಥೆಗೆಲ್ಲ ಇಟ್ಟುಕೊಂಡಿರುವ 'ಕಾದಂಬರಿ' ಎಂಬ ಹೆಸರಿಗೆ ಮೂಲವಾದ ಬಾಣನ ಕೃತಿಯನ್ನು ನಡೆಯಿಸುವುದೂ ಒಂದು ಗಿಳಿಯ ಬಾಯಿಯೇ.

ಇಷ್ಟು ಆದರಕ್ಕೆ ಪಾತ್ರವಾದ ಹಕ್ಕಿಗೆ ಆ ಆದರದ ಫಲವಾಗಿ ಏನು ದೊರೆಯಿತೆಂದು ಕೇಳಿದರೆ, ಪಂಜರ ದೊರೆಯಿತೆಂದೇ ಹೇಳಬೇಕಾಗುವುದು. ಮಾತನಾಡಲು ಬಾರದ ಗುಬ್ಬಿಯು ಇಂದಿಗೂ ಸ್ವತಂತ್ರವಾಗಿದೆ.

ಜಿಲ್ಲೆಯ ಮುಖ್ಯ ಪಟ್ಟಣವೊಂದರ ಹಳೆಯ ಅಗ್ರಹಾರದ ಬೀದಿಯಲ್ಲಿ, ಜಗಲಿಯ ತೊಲೆಗೆ ತಗುಲಿಸಿದ ಕಬ್ಬಿಣದ ಪಂಜರದಲ್ಲಿ, ಇಪ್ಪತ್ತನಾಲ್ಕು ವರ್ಷ ಬಾಳಿದ ಒಂದು ಗಿಳಿಯಿದ್ದಿತು. 1999ರಲ್ಲಿ, ಆ ಮನೆಯ ಹಿರಿಯರು ತೀರಿಕೊಂಡ ಕೆಲವು ತಿಂಗಳಿಗೆ, ಬೀದಿಯಲ್ಲಿ ಬಟ್ಟೆ ಮುಚ್ಚಿದ ಬುಟ್ಟಿಯೊಂದನ್ನು ಹೊತ್ತು ಬಂದವನೊಬ್ಬನ ಕೈಯಿಂದ ಮನೆಯ ತಾಯಿಯು ಅದನ್ನು ಕೊಂಡರು. ರೆಕ್ಕೆ ಬಲಿಯದ ಮರಿ. ಕುತ್ತಿಗೆಯ ಗುಲಾಬಿ ಬಣ್ಣದ ಉಂಗುರವು ಇನ್ನೂ ಮೂಡಿರಲಿಲ್ಲ. ಆ ಬುಟ್ಟಿಯಲ್ಲಿ ಇನ್ನೆಷ್ಟು ಮರಿಗಳಿದ್ದುವು, ಅವುಗಳಲ್ಲಿ ಎಷ್ಟು ಸಂಜೆಯವರೆಗೆ ಜೀವದಿಂದಿದ್ದುವು ಎಂಬುದನ್ನು ಯಾರೂ ಕೇಳಲಿಲ್ಲ. ನಾಡಿನ ಹಕ್ಕಿಗಳ ವ್ಯಾಪಾರವು 1991ರಿಂದಲೇ ನಿಷಿದ್ಧವಾಗಿದ್ದಿತೆಂಬುದು ಆ ತಾಯಿಗೆ ತಿಳಿದಿರಲಿಲ್ಲ. ಒಂಟಿತನದಲ್ಲಿ ಬಾಯಿ ತುಂಬ ಮಾತನಾಡಿಸುವುದಕ್ಕೆ ಒಂದು ಜೀವ ಬೇಕಾಗಿದ್ದಿತು. ಅದಕ್ಕೆ 'ರಾಮ' ಎಂದು ಹೆಸರಿಟ್ಟರು.

ರಾಮನಿಗೆ ಕೊರತೆಯೆಂಬುದಿರಲಿಲ್ಲವೆಂದು ಎಲ್ಲರೂ ನಂಬಿದ್ದರು. ಬೆಳಗ್ಗೆ ಕಾಫಿಯಲ್ಲಿ ಅದ್ದಿದ ಬ್ರೆಡ್ಡು, ಮಧ್ಯಾಹ್ನ ಮೊಸರನ್ನ, ಸಂಜೆ ಒಂದು ಹಿಡಿ ಸೂರ್ಯಕಾಂತಿಯ ಬೀಜ, ಮೇಲೊಂದು ಹಸಿಮೆಣಸಿನಕಾಯಿ. ಅದು ದೇವರ ನಾಮದ ಮೊದಲ ಎರಡು ಶಬ್ದಗಳನ್ನು ಕಲಿಯಿತು, ಕುಕ್ಕರಿನ ಸಿಳ್ಳನ್ನು ಕಲಿಯಿತು, ಎಲ್ಲಕ್ಕಿಂತ ಚೆನ್ನಾಗಿ ಆ ತಾಯಿಯ ಕೆಮ್ಮನ್ನೂ, ಹೊರಗಿನಿಂದ ಬಂದ ಮಗನನ್ನು ಅವರು ಕೇಳುತ್ತಿದ್ದ "ಊಟ ಆಯಿತೇನೋ?" ಎಂಬ ಮಾತನ್ನೂ ಕಲಿಯಿತು. ಗಿಳಿಪಾಠವೆಂದರೆ ಅರ್ಥವರಿಯದ ಪಾಠವೆಂದು ಲೋಕವು ಹಾಸ್ಯ ಮಾಡುವುದುಂಟು. ಕಾಡಿನಲ್ಲಿ ಗಿಳಿಯು ತನ್ನ ಬಳಗದ ಕೂಗನ್ನು ಕಲಿಯುವುದು ಬಳಗದೊಡನೆ ಕೂಡಿರುವುದಕ್ಕಾಗಿ. ಪಂಜರದಲ್ಲಿ ಬಳಗವಿಲ್ಲ, ಇರುವ ಮನುಷ್ಯರನ್ನೇ ಬಳಗವೆಂದು ಬಗೆದು ಅವರ ಕೂಗನ್ನು ಕಲಿಯುತ್ತದೆ. ಹಾಗೆ ನೋಡಿದರೆ, ಆ ಪಾಠದ ಅರ್ಥವನ್ನು ಅರಿಯದಿದ್ದವರು ಕೇಳುವವರೇ ಹೊರತು ಗಿಳಿಯಲ್ಲ.

2023ನೆಯ ಇಸವಿಯ ಆಶ್ವಯುಜ ಮಾಸದಲ್ಲಿ ಆ ತಾಯಿ ತೀರಿಕೊಂಡರು. ಮನೆಯಲ್ಲಿ ಅಳು ಅಡಗಿದ ಹೊತ್ತಿನಲ್ಲಿ ಜಗಲಿಯಿಂದ ಅವರದೇ ಕೆಮ್ಮು ಕೇಳಿಬಂದಿತು. ಮೂರನೆಯ ದಿನ ಹೊರಗಿನಿಂದ ಒಳಗೆ ಬಂದ ಮಗನನ್ನು "ಊಟ ಆಯಿತೇನೋ?" ಎಂದು ಅವರದೇ ಧ್ವನಿಯು ಕೇಳಿತು. ಅರವತ್ತು ಸಮೀಪಿಸಿದ್ದ ಮಗನು ಅಲ್ಲಿಯೇ ಕಂಬಕ್ಕೊರಗಿ ಕುಳಿತುಬಿಟ್ಟನು. ಗಿಳಿಯೂ ಸರಿಯಾಗಿ ತಿನ್ನುತ್ತಿರಲಿಲ್ಲ. ಎದೆಯ ಗರಿಗಳನ್ನು ತಾನೇ ಕಿತ್ತುಕೊಳ್ಳಲಾರಂಭಿಸಿತ್ತು.

ಶುಭಸ್ವೀಕಾರದ ದಿನ ಬಂಧುಗಳಲ್ಲೊಬ್ಬರು, ಸತ್ತವರ ಹೆಸರಿನಲ್ಲಿ ಸೆರೆಯ ಹಕ್ಕಿಯನ್ನು ಬಿಟ್ಟರೆ ಮಹಾಪುಣ್ಯವೆಂದರು. ಮಾತು ಎಲ್ಲರಿಗೂ ಒಪ್ಪಿಗೆಯಾಯಿತು. ಹಿತ್ತಿಲಿನಲ್ಲಿ ಪಂಜರದ ಬಾಗಿಲನ್ನು ತೆರೆದರು. ಗಿಳಿಯು ಹೊರಗೆ ಬರಲಿಲ್ಲ. ಕೈಹಾಕಿ ಹೊರತಂದು ಆಕಾಶಕ್ಕೆ ಎಸೆದರು. ಅದು ನಾಲ್ಕು ಮಾರು ದೂರ ರೆಕ್ಕೆ ಬಡಿದು ಬಾವಿಯ ಕಟ್ಟೆಯ ಮಗ್ಗುಲಿಗೆ ಬಿದ್ದಿತು. ಪಿಂಡದ ಅನ್ನಕ್ಕೆ ಹಿಂದಿನ ದಿನಗಳಿಂದ ರೂಢಿಯಾಗಿದ್ದ ಕಾಗೆಗಳು ಗೋಡೆಯ ಮೇಲೆಯೇ ಕುಳಿತಿದ್ದುವು. ಪುಣ್ಯಕಾರ್ಯವನ್ನು ನೋಡಲು ನೆರೆದವರು ಕೈಚೆಲ್ಲಿ ನಿಂತಿರಲು, ಕಾಲೇಜಿನಲ್ಲಿ ಓದುತ್ತಿದ್ದ ಮೊಮ್ಮಗಳು ಓಡಿಹೋಗಿ ತನ್ನ ಮೇಲುವಸ್ತ್ರವನ್ನು ಅದರ ಮೇಲೆ ಹೊದಿಸಿ ಎತ್ತಿಕೊಂಡಳು. ತಲೆಯ ಮೇಲೆ ಎರಡು ಗಾಯಗಳಾಗಿದ್ದುವು.

ಪಶುವೈದ್ಯರು ಗಾಯವನ್ನು ತೊಳೆದು, ಗಾಯಕ್ಕಿಂತ ದೊಡ್ಡ ಕೆಡುಕನ್ನು ತೋರಿಸಿಕೊಟ್ಟರು. ರೆಕ್ಕೆಯನ್ನು ಪೂರ್ತಿ ಬಿಚ್ಚಲೂ ಎಡೆಯಿಲ್ಲದ ಪಂಜರದಲ್ಲಿದ್ದು ಎದೆಯ ಮಾಂಸಖಂಡಗಳು ಕೃಶವಾಗಿದ್ದುವು. ಕೊರೆದು ಸವೆಸುವುದಕ್ಕೆ ಮರವಿಲ್ಲದೆ ಕೊಕ್ಕು ವಕ್ರವಾಗಿ ಬೆಳೆದಿತ್ತು. ಎಣ್ಣೆಬೀಜವೂ ಅನ್ನವೂ ಆಹಾರವಾದುದರಿಂದ ಯಕೃತ್ತಿನಲ್ಲಿ ಕೊಬ್ಬು ಸೇರಿ, ಎ ಜೀವಸತ್ತ್ವದ ಕೊರತೆಯುಂಟಾಗಿತ್ತು. ಕಾಫಿ, ಚಾಕೊಲೇಟು, ಬೆಣ್ಣೆಹಣ್ಣು ಇವು ಗಿಳಿಗೆ ವಿಷಪ್ರಾಯವೆಂದೂ, ಉಪ್ಪು ಹಾಲುಗಳು ಸಲ್ಲವೆಂದೂ, ನವಣೆಯಂತಹ ಕಿರುಧಾನ್ಯ, ಮೊಳಕೆ ಬರಿಸಿದ ಕಾಳು, ಸೊಪ್ಪು, ಸೀಬೆ, ಪಪ್ಪಾಯಿ ಇವೇ ಹಿತವೆಂದೂ ಅವರು ಹೇಳಿದರು. ಪ್ರೀತಿಯಲ್ಲಿ ಕೊರತೆಯಿರಲಿಲ್ಲ, ತಿಳಿವಳಿಕೆಯಲ್ಲಿ ಇದ್ದಿತು. ಇಪ್ಪತ್ತನಾಲ್ಕು ವರ್ಷ ನಿತ್ಯವೂ ಕೈಯಾರೆ ಉಣಿಸಿದ ಅನ್ನವೇ ಅದನ್ನು ಕುಂದಿಸಿತ್ತೆಂಬ ಮಾತನ್ನು ಕೇಳಿ ಮಗನು ತಲೆ ತಗ್ಗಿಸಿದನು. ತಾಯಿಗೆ ಇದನ್ನು ಕೇಳುವ ಸಂದರ್ಭ ಬರಲಿಲ್ಲವಲ್ಲಾ ಎಂಬುದೊಂದೇ ಸಮಾಧಾನ.

ಇನ್ನು ಗಿಳಿಯ ಗತಿಯೇನು? ಕೇಳಿಕೊಂಡು ಬಂದವರು ಅನೇಕರು. ಮಕ್ಕಳಿಗೆ ಆಟಕ್ಕಾಗುತ್ತದೆಂದು ನೆಂಟರೊಬ್ಬರು ಕೇಳಿದರು. ಮಾತನಾಡುವ ಗಿಳಿಗೆ ಒಳ್ಳೆಯ ಬೆಲೆ ಕೊಡುವೆನೆಂದು ಅಂಗಡಿಯವನೊಬ್ಬನು ಹೇಳಿಕಳುಹಿಸಿದನು. "ಗಿಣಿ ಸಾಕಿ ಗಿಡುಗನ ಕೈಗೆ ಕೊಟ್ಟ ಹಾಗಾಗುತ್ತದೆ, ಅತ್ತೆಯವರು ಸಾಕಿದ ಜೀವವನ್ನು ಮಾರುವುದು ಬೇಡ" ಎಂದು ಸೊಸೆಯು ಖಂಡಿತವಾಗಿ ನುಡಿದಳು. ಕಾನೂನನ್ನು ಓದಿ ನೋಡಿದವಳು ಮೊಮ್ಮಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಈ ನಾಡಿನ ಗಿಳಿಗಳನ್ನು ಹಿಡಿಯುವುದೂ, ಮಾರುವುದೂ, ಕೊಳ್ಳುವುದೂ, ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧ. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕಾಯಿದೆಯು ದಂಡವನ್ನು ಇನ್ನೂ ಹೆಚ್ಚಿಸಿತು. ಮನೆಯ ಹಕ್ಕಿಯನ್ನು ಇನ್ನೊಂದು ಮನೆಗೆ ದಾನ ಮಾಡಿದ ಮಾತ್ರಕ್ಕೆ ದೋಷವು ಕಳೆಯುವುದಿಲ್ಲ. ದೋಷವು ಕೈಬದಲಾಯಿಸುತ್ತದೆ, ಅಷ್ಟೆ.

ಇದನ್ನು ಕೇಳಿದೊಡನೆ ಬಂಧುಗಳಿಗೆ ಭಯವು ಹತ್ತಿತು. ಸದ್ದಿಲ್ಲದೆ ರಾತ್ರಿ ಊರಾಚೆಯ ತೋಪಿನಲ್ಲಿ ಬಿಟ್ಟು ಬಂದುಬಿಡಿ ಎಂದರು. ಇಂತಹ ಭಯದಿಂದ ಎಷ್ಟೋ ಗಿಳಿಗಳು ತೋಪುಗಳಲ್ಲಿ ಬೆಕ್ಕು ಬಿಜ್ಜುಗಳ ಪಾಲಾಗುತ್ತವೆ. ಒಂದು ರಾತ್ರಿಯೆಲ್ಲ ಯೋಚಿಸಿ ಮಗನು, "ಅಮ್ಮ ತಿಳಿಯದೆ ಮಾಡಿದರು, ನಾನು ತಿಳಿದು ಮಾಡಲಾರೆ" ಎಂದು ನಿಶ್ಚಯಿಸಿ, ಬೆಳಗಾದ ಮೇಲೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಹೋಗಿ ಇದ್ದುದನ್ನು ಇದ್ದಂತೆ ಬರೆದುಕೊಟ್ಟನು. ಅಲ್ಲಿ ಅವನನ್ನು ಯಾರೂ ಗದರಿಸಲಿಲ್ಲ. ಹಕ್ಕಿಯು ಗುಣವಾಗಬೇಕಾದ ಜಾಗವನ್ನು ಗೊತ್ತುಮಾಡಿ, ಒಪ್ಪಿಸಬೇಕಾದ ದಿನವನ್ನು ತಿಳಿಸಿದರು.

ಆ ದಿನದ ಹಿಂದಿನ ರಾತ್ರಿಯ ಸಂಕಟವೇ ಬೇರೆ. ತಾಯಿಯ ಪಟವಿದ್ದಿತು, ಸೀರೆಗಳಿದ್ದುವು, ಬರೆದ ಕಾಗದಗಳಿದ್ದುವು. ಧ್ವನಿಯು ಮಾತ್ರ ಗಿಳಿಯಲ್ಲಿದ್ದಿತು. ಅದನ್ನು ಕೊಟ್ಟುಬಿಟ್ಟರೆ ತಾಯಿಯನ್ನು ಎರಡನೆಯ ಸಲ ಕಳುಹಿಸಿದಂತಾಗುವುದು. ಮಗನು ಜಗಲಿಯಲ್ಲಿ ದೀಪವಾರಿಸಿ ಕುಳಿತಿದ್ದನು. ಮಗಳು ಬಂದು ಮೊಬೈಲನ್ನು ಚಾಚಿ, ಧ್ವನಿಯನ್ನು ಹಿಡಿದಿಟ್ಟುಕೊಳ್ಳೋಣವೇ ಅಪ್ಪಾ ಎಂದು ಕೇಳಿದಳು. ಆತನು ಬೇಡವೆಂದನು. ಸ್ವಲ್ಪ ಹೊತ್ತಿನ ಮೇಲೆ ಕತ್ತಲೆಯಿಂದ "ಊಟ ಆಯಿತೇನೋ?" ಎಂಬ ಪ್ರಶ್ನೆ ಬಂದಿತು. "ಆಯಿತಮ್ಮಾ" ಎಂದು ಆತನು ಉತ್ತರ ಕೊಟ್ಟು ಒಳಕ್ಕೆ ಎದ್ದುಹೋದನು.

ಒಪ್ಪಿಸುವಾಗ ಮೊಮ್ಮಗಳು ಒಂದು ಹಾಳೆಯನ್ನು ಜೊತೆಗಿಟ್ಟಳು: ಹಕ್ಕಿಯ ವಯಸ್ಸು, ತಿನ್ನುತ್ತಿದ್ದ ಆಹಾರ, ಹೊಸದಾಗಿ ರೂಢಿ ಮಾಡಿಸಿದ ಆಹಾರ, ವೈದ್ಯರ ಚೀಟಿ, ನಿದ್ರೆಯ ಹೊತ್ತು, ಅದು ಹೆದರುವ ವಸ್ತುಗಳು. ಕೊರವಂಜಿಯ ಗಿಳಿಯು ಭವಿಷ್ಯದ ಚೀಟಿಯನ್ನು ಎತ್ತಿಕೊಡುತ್ತದೆ. ಇದು ಗಿಳಿಯ ಭೂತಕಾಲದ ಚೀಟಿ. ಹಕ್ಕಿಯನ್ನು ಬೇರೆಯವರ ವಶಕ್ಕೆ ಕೊಡುವವರು ಕೊಡಬಹುದಾದ ಅತ್ಯಂತ ಉಪಯುಕ್ತವಾದ ವಸ್ತು ಇದೇ ಎಂದು ಅಲ್ಲಿಯವರು ಹೇಳಿದರು.

ಪುನರ್ವಸತಿ ಕೇಂದ್ರದಲ್ಲಿ ಗಿಳಿಯನ್ನು ಬಂದೊಡನೆ ಇತರ ಗಿಳಿಗಳೊಡನೆ ಕೂಡಿಸಲಿಲ್ಲ. ಗಿಳಿಗಳಿಂದ ಮನುಷ್ಯರಿಗೂ ಅಂಟಿ ಶ್ವಾಸಕೋಶವನ್ನು ಕೆಡಿಸಬಲ್ಲ ಸಿಟ್ಟಕೋಸಿಸ್ ಎಂಬ ರೋಗವುಂಟು. ಅಂತಹದೇನೂ ಇಲ್ಲವೆಂದು ತಿಳಿಯುವವರೆಗೆ ಪ್ರತ್ಯೇಕವಾಗಿಟ್ಟರು. ಅನಂತರ ರೆಕ್ಕೆ ಚಾಚಲು ಅವಕಾಶವಿರುವ ಉದ್ದನೆಯ ಜಾಲರಿಮನೆಗೆ ಬಿಟ್ಟರು. ಬಲಿಯುವ ಮುನ್ನ ಸೆರೆಸಿಕ್ಕಿ ಬೇಗನೆ ಬಿಡುಗಡೆಯಾದ ಮರಿಗಳು ಅಲ್ಲಿ ಹಾರಾಟವನ್ನು ಕಲಿತು, ಬೇಟೆಯ ಹಕ್ಕಿಗೆ ಅಂಜುವುದನ್ನು ಕಲಿತು, ಹಿಂಡು ಕಟ್ಟಿಕೊಂಡು ಹೊರಹೋಗುವುದುಂಟು. ಬಹುಕಾಲ ಪಂಜರದಲ್ಲಿದ್ದ ಹಕ್ಕಿಗಳಲ್ಲಿ ಕೆಲವಕ್ಕೆ ಆ ಭಾಗ್ಯವಿಲ್ಲ. ತಮ್ಮ ಜಾತಿಯವರ ನಡುವೆ ಆ ಜಾಲರಿಮನೆಯಲ್ಲಿಯೇ ಅವುಗಳ ಶೇಷಾಯುಷ್ಯವು ಕಳೆಯಬೇಕು. ರಾಮನು ಎರಡನೆಯ ವರ್ಗಕ್ಕೆ ಸೇರಿದವನು.

ಹೊರನಾಡಿನ ಗಿಳಿಗಳನ್ನು ಸಾಕಿರುವವರು ಈ ಕಥೆಯು ತಮಗೆ ಸಂಬಂಧಿಸಿದುದಲ್ಲವೆಂದು ಭಾವಿಸಬಾರದು. ಆಫ್ರಿಕಾದ ಬೂದುಗಿಳಿಯು ಅರ್ಧ ಶತಮಾನ ಬದುಕಬಲ್ಲುದು. ಅತಿಯಾದ ವ್ಯಾಪಾರದಿಂದ ಕಾಡಿನಲ್ಲಿ ಅದರ ಸಂಖ್ಯೆಯು ಕುಗ್ಗಿದುದರಿಂದ 2016ರಲ್ಲಿ ರಾಷ್ಟ್ರಗಳು ಸೇರಿ, ಕಾಡಿನಲ್ಲಿ ಹಿಡಿದ ಬೂದುಗಿಳಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಿದುವು. ಇಂತಹ ಪ್ರಾಣಿಗಳು ಮನೆಯಲ್ಲಿದ್ದರೆ 2024ರ ನಿಯಮಗಳ ಪ್ರಕಾರ ಸರ್ಕಾರದಲ್ಲಿ ನೋಂದಾಯಿಸಬೇಕು. ಐವತ್ತು ವಯಸ್ಸಿನವರು ಅಂತಹ ಮರಿಯನ್ನು ತಂದರೆ ಅದು ಮಕ್ಕಳ ಕಾಲಕ್ಕೂ ಉಳಿಯುವ ಹೊಣೆ. ಹೊಲಮನೆಗಳಿಗೆ ಉಯಿಲು ಬರೆಯುವವರು, ತಮ್ಮ ದನಿಯನ್ನೇ ನಂಬಿರುವ ಹಕ್ಕಿಯನ್ನು ಯಾರು ನೋಡಿಕೊಳ್ಳುವರೆಂಬುದಕ್ಕೂ ಒಂದು ಪಂಕ್ತಿಯನ್ನು ಬರೆದಿಟ್ಟರೆ ಒಳ್ಳೆಯದು. ತೆಗೆದುಕೊಳ್ಳುವವರ ಮನೆಯನ್ನು ಕಣ್ಣಾರೆ ನೋಡದೆ, ಮೊದಲು ಕೇಳಿದವರ ಕೈಗೆ ಕೊಡುವುದು ಕನ್ಯೆಯನ್ನು ಕುಲ ಶೀಲ ವಿಚಾರಿಸದೆ ಕೊಟ್ಟಂತೆ.

ಮುಂದಿನ ವರ್ಷದ ಫಾಲ್ಗುಣದಲ್ಲಿ ಮಗನು ಆ ಕೇಂದ್ರಕ್ಕೆ ಹೋಗಿ, ದೂರದಿಂದ ನೋಡಲು ಅಪ್ಪಣೆ ಪಡೆದನು. ಹಸುರು ಹಕ್ಕಿಗಳ ಗುಂಪಿನಲ್ಲಿ ರಾಮನು ಯಾವನೆಂದು ಮೊದಲು ತಿಳಿಯಲಿಲ್ಲ. ತಲೆಯ ಮೇಲಿನ ಗಾಯದ ಕಲೆಯಿಂದ ಗುರುತು ಸಿಕ್ಕಿತು. ಎದೆಯಲ್ಲಿ ಹೊಸ ಗರಿ ಮೂಡಿದ್ದುವು. ಒಂದು ಕೊಂಬೆಯಿಂದ ಇನ್ನೊಂದಕ್ಕೆ ಅದು ಹಾರಿತು. ಹತ್ತು ಮೊಳದ ಹಾರಾಟ, ಆದರೂ ಹಾರಾಟವೇ. ಮಾತನಾಡುವುದೇ ಎಂದು ಆತನು ಕೇಳಿದನು. ಬಂದ ಹೊಸದರಲ್ಲಿ ಯಾರನ್ನು ಕಂಡರೂ ಊಟವಾಯಿತೇ ಎಂದು ಕೇಳುತ್ತಿದ್ದಿತೆಂದೂ, ಈಗ ಗುಂಪಿನೊಡನೆ ಕೀಚಲು ತೊಡಗಿದ ಮೇಲೆ ಆ ಮಾತು ಕಡಿಮೆಯಾಗುತ್ತ ಬಂದಿದೆಯೆಂದೂ ನೋಡಿಕೊಳ್ಳುವವನು ಹೇಳಿದನು. ಆತನು ಒಂದು ಗಂಟೆಯ ಕಾಲ ನಿಂತಿದ್ದನು. ಗಿಳಿಯು ಆತನನ್ನು ಏನನ್ನೂ ಕೇಳಲಿಲ್ಲ.

ಊರಿಗೆ ಮರಳಿದವನು ಜಗಲಿಯ ಪಂಜರವನ್ನು ಇಳಿಸಿದನು. ಹಳೆಯ ಕಬ್ಬಿಣದವನು ಅದನ್ನು ಹಾಗೆಯೇ ಕೊಳ್ಳಲು ಸಿದ್ಧನಿದ್ದನು. ಇನ್ನೊಬ್ಬರು ಅದನ್ನು ತೆಗೆದುಕೊಂಡು ಹೋದರೆ ಅದಕ್ಕೊಂದು ಹಕ್ಕಿ ಬೇಕಾಗುವುದೆಂದು, ಕಂಬಿಗಳನ್ನು ಕತ್ತರಿಸಿಯೇ ಕೊಟ್ಟನು.

ಬಾಣನ ಕಥೆಯಲ್ಲಿ ಮುದಿ ಶಬರನು ಬೂರುಗದ ಮರವನ್ನೇರಿ ಗಿಳಿಗಳನ್ನು ಕೊಂದು ಕೆಡಹುತ್ತಾನೆ. ತಂದೆಯ ರೆಕ್ಕೆಯ ಮರೆಯಲ್ಲಿದ್ದ ಒಂದು ಮರಿ ಒಣಗಿದ ಎಲೆಗಳ ಮೇಲೆ ಬಿದ್ದು ಉಳಿಯುತ್ತದೆ. ಸ್ನಾನಕ್ಕೆ ಹೊರಟಿದ್ದ ಹಾರೀತನೆಂಬ ಮುನಿಕುಮಾರನು ಅದನ್ನೆತ್ತಿ, ಕೊಕ್ಕಿಗೆ ನೀರು ಹನಿಸಿ, ಆಶ್ರಮದ ಮರದ ನೆರಳಿನಲ್ಲಿ ಇರಿಸುತ್ತಾನೆ. ಚಿನ್ನದ ಪಂಜರದಲ್ಲಿ ರಾಜಸಭೆಗೆ ಬಂದ ಮೇಲೆ ಆ ಗಿಳಿಯ ಮಾತಿಗೆ ಎಲ್ಲರೂ ತಲೆದೂಗಿದರು. ಆದರೆ ಅದು ಹೇಳಿದ ಕಥೆಯಲ್ಲಿ ಮೊದಲು ಬರುವ ದಯಾಳು, ಅದರಿಂದ ಒಂದು ಮಾತನ್ನೂ ಬಯಸದೆ ನೀರು ಕೊಟ್ಟ ಆ ಬಾಲಕನು.