ಮೂರೂರ ರಸ್ತೆ, ಒಂದು ಪಾನಾ

ಬೆಲ್ಜಿಯಂನ ಸ್ಪಾ ಟ್ರ್ಯಾಕನ್ನು ಮೊದಲಿಗೆ ಯಾರೂ ರೇಸಿಗಂತ ಕಟ್ಟಿದ್ದಲ್ಲ. ಫ್ರಾಂಕೋರ್ಶಾಂ, ಮಾಲ್ಮೆದಿ, ಸ್ತಾವ್ಲೋ ಅನ್ನೋ ಮೂರು ಊರುಗಳ ನಡುವಿನ ರಸ್ತೆಗಳಲ್ಲೇ 1921ರಲ್ಲಿ ರೇಸ್ ಶುರುವಾಯ್ತು. ನಮ್ಮ ಮಮದಾಪುರದಿಂದ ಬಬಲೇಶ್ವರಕ್ಕೆ ಹೋಗ್ತೀವಲ್ಲ, ಹಾಗೆ ದಿನಾ ಜನ ಓಡಾಡೋ ರಸ್ತೆ. ಪಕ್ಕದಲ್ಲೇ ಮನೆ, ಮರ, ಕಂಬ. ಒಂದು ಸುತ್ತು ಸುಮಾರು 14 ಕಿ.ಮೀ.

1966ರ ರೇಸ್. ಮೊದಲ ಸುತ್ತಿನಲ್ಲೇ ಜೋರು ಮಳೆ. ಜಾಕಿ ಸ್ಟೀವರ್ಟನ ಕಾರು ರಸ್ತೆ ಬಿಟ್ಟು ಹಾರಿತು. ನುಜ್ಜುಗುಜ್ಜಾದ ಕಾರಲ್ಲಿ ಸಿಕ್ಕಿಕೊಂಡವನ ಮೈಯೆಲ್ಲ ಪೆಟ್ರೋಲ್! ಬಿಡಿಸೋಕೆ ಬಂದವರು ಅಲ್ಲೇ ಜಾರಿಹೋಗಿದ್ದ ಚಾಲಕರಾದ ಗ್ರಹಾಂ ಹಿಲ್, ಬಾಬ್ ಬಾಂಡುರಂಟ್. ಸ್ಟೀರಿಂಗ್ ಬಿಚ್ಚೋಕೆ ಪಾನಾನೂ (ಸ್ಪ್ಯಾನರಿಗೆ ನಮ್ಮ ಕಡೆ ಹಾಗಂತೀವಿ) ಪ್ರೇಕ್ಷಕರ ಹತ್ತಿರ ಇಸಕೊಂಡು ತಂದ್ರು.

ಆಮೇಲೆ ಸ್ಟೀವರ್ಟ್ ಕಾರಲ್ಲೇ ಒಂದು ಪಾನಾ ಇಟ್ಕೊಂಡ. ಸುರಕ್ಷತೆಗಾಗಿ ಹಟ ಹಿಡಿದ. ಹೆದರುಪುಕ್ಕಲ ಅಂತ ಆಡಿಕೊಂಡವರು ಎಷ್ಟೋ ಜನ. ಆದ್ರೂ 1969ರಲ್ಲಿ ಅಲ್ಲಿನ ರೇಸ್ ರದ್ದಾಯ್ತು. 1970ರ ನಂತರ ಫಾರ್ಮುಲಾ ಒನ್ ಆ ಹಳೇ ರಸ್ತೆಗೆ ಬರಲೇ ಇಲ್ಲ. 1979ರಲ್ಲಿ ಟ್ರ್ಯಾಕನ್ನು ಸುಮಾರು 7 ಕಿ.ಮೀ.ಗೆ ಇಳಿಸಿದ್ರು. 1983ರಲ್ಲಿ ಫಾರ್ಮುಲಾ ಒನ್ ವಾಪಸ್ ಬಂತು.

ಇದನ್ನೆಲ್ಲ ಬರೆದದ್ದು ನಮ್ಮ ಕಾಕಾನ ಮಗನಿಗಾಗಿ. ಊರಲ್ಲಿ ಬೈಕ್ ಪಂಥ ಕಟ್ಟೋದಂದ್ರೆ ಅವನಿಗೆ ಹುಚ್ಚು. "ಹೆಲ್ಮೆಟ್ ಹಾಕ್ಕೊಂಡ್ರ ಗೆಳ್ಯಾರು ನಗ್ತಾರಣ್ಣಾ" ಅಂತಾನೆ.

ನಗ್ಲಿ ಬಿಡೋ ತಮ್ಮಾ. ಆ 'ಹೆದರುಪುಕ್ಕಲ' ಮೂರು ಸಲ ವಿಶ್ವ ಚಾಂಪಿಯನ್ ಆದ :-)